ಬಾಣಂತಿ ಕಾಕಾ

ನಾನು ಅವರನ್ನು ಮೊದಲು ನೋಡಿದ್ದು ಬೆನ್ನಿನ ಕಡೆಯಿಂದ. ಶಿಕಾರಿಪುರ ತಾಲ್ಲೂಕಿನಲ್ಲಿ, ಈಸೂರಿನಿಂದ ಸ್ವಲ್ಪ ಒಳಗಿರುವ ಒಂದು ಹಳ್ಳಿಯ ಉಪಕೇಂದ್ರಕ್ಕೆ ನರ್ಸಾಗಿ ಬಂದು, ಊರಿನ ಓಣಿಗಳು ಆಗಷ್ಟೇ ಪರಿಚಯವಾಗುತ್ತಿದ್ದ ದಿನಗಳು. ಹೊಸದಾಗಿ ಹೆರಿಗೆಯಾದ ಹುಡುಗಿಯೊಬ್ಬಳನ್ನು ನೋಡಲು ಅವಳ ತವರಿಗೆ ಹೋಗಿದ್ದೆ. ನಡುಮನೆಯಲ್ಲಿ, ಬಾಣಂತಿ ಕೋಣೆಯ ಪಕ್ಕ, ಐವತ್ತು ದಾಟಿದ ಒಬ್ಬ ಗಂಡಸು ಬಾಗಿಲಿಗೆ ಬೆನ್ನು ಹಾಕಿ ಕುಳಿತಿದ್ದರು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ, ಹಣೆಗೆ ವಿಭೂತಿ. ಎದುರು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಅವರು ಒಳಗಿದ್ದವಳ ಜೊತೆ ಮಾತಾಡುತ್ತಿದ್ದರು.

“ಕೂಸು ಎರಡೂ ಕಡೆ ಎದೆ ಹಿಡೀತೈತೇನವ್ವ?”

“ಹಿಡೀತೈತಿ ಕಾಕಾ.”

“ಹಾಲು ಕಟ್ಟಿದಂಗೆ ಆಗೈತೇನು? ಮುಟ್ಟಿದ್ರೆ ಕಲ್ಲಿನಂಗೆ ಹತ್ತುತೈತೇನು?”

“ಎಡಗಡೆ ಸ್ವಲ್ಪ ಐತಿ.”

ನಾನು ಚೀಲ ಹಿಡಿದುಕೊಂಡು ನಿಂತೇ ಇದ್ದೆ. ಗಂಡಸೊಬ್ಬ ಇಂಥ ಪ್ರಶ್ನೆ ಕೇಳುವುದು, ಹತ್ತೊಂಬತ್ತರ ಹುಡುಗಿ ಅದಕ್ಕೆ ಸಂಕೋಚವಿಲ್ಲದೆ ಉತ್ತರಿಸುವುದು ಆ ಮನೆಯಲ್ಲಿ ಯಾರಿಗೂ ವಿಚಿತ್ರವಾಗಿ ಕಂಡಂತಿರಲಿಲ್ಲ. ಹುಡುಗಿಯ ಅತ್ತಿಗೆ ಅವರಿಗೆ ಚಹಾ ತಂದುಕೊಟ್ಟಳು. ನನ್ನ ಚಪ್ಪಲಿ ಸದ್ದಿಗೆ ಅವರು ತಿರುಗದೆಯೇ ಹೇಳಿದರು: “ನರ್ಸಮ್ಮಾರೇನು? ಒಳಗೆ ಹೋಗ್ರಿ. ಮೊದಲು ನಿಮ್ಮದು ಮುಗೀಲಿ, ಆಮೇಲೆ ನನ್ನದು.”

ಕಳೆದ ತಿಂಗಳು ಅವರ ಮಗಳು ಸೊರಬದ ಹತ್ತಿರದ ಉಳವಿಯಿಂದ ಫೋನ್ ಮಾಡಿ ಅಪ್ಪ ಹೋದರು ಎಂದಾಗ ನನ್ನ ಕಣ್ಣಿಗೆ ಬಂದದ್ದು ಅವರ ಮುಖವಲ್ಲ, ನೆಟ್ಟಗೆ ಕುಳಿತ ಆ ಬೆನ್ನು.

ಊರು ಅವರಿಗೆ ಇಟ್ಟಿದ್ದ ಹೆಸರು ಬಾಣಂತಿ ಕಾಕಾ. ಹೆಂಗಸರು ಅದನ್ನು ಎದುರಿಗೇ ಕರೆಯುತ್ತಿದ್ದರು. ಗಂಡಸರು ಹಿಂದಿನಿಂದ, ಒಂದು ನಗು ಸೇರಿಸಿ ಹೇಳುತ್ತಿದ್ದರು. ಕಾಕಾನಿಗೆ ಎರಡೂ ಗೊತ್ತಿತ್ತು. ಒಮ್ಮೆ ಚಹಾದಂಗಡಿಯ ಮುಂದೆ ಒಬ್ಬ, “ಏನ್ ಕಾಕಾ, ಯಾರ ಮನೇದು ಬಾಣಂತನ ಈಗ?” ಎಂದು ಕೆಣಕಿದ. ಕಾಕಾ ಲೋಟ ಕೆಳಗಿಡಲಿಲ್ಲ. “ನೀನು ಹುಟ್ಟಿದಾಗ ನಿಮ್ಮವ್ವನ ಬಾಣಂತನಾನೂ ನಮ್ಮ ಮನೇದೇ ಅಪ್ಪ. ಹಾಲು ಬರಲಿಲ್ಲ ಅಂತ ಬೇರು ಹುಡುಕ್ಕೊಂಡು ಕೆರೆ ಏರಿ ತುಂಬ ಕುಂಟಿಕೊಂಡು ತಿರುಗಿದ್ದೆ. ಈಗ ನೋಡು, ಎಷ್ಟು ಚಂದ ಮಾತಾಡ್ತಿ” ಎಂದರು. ಅಂಗಡಿಯವನಿಗೆ ಸಕ್ಕರೆ ಕಡಿಮೆಯಾಗಿದೆ ಎಂದು ಲೋಟ ವಾಪಸ್ ಕೊಟ್ಟರು. ಚಹಾದ ವಿಷಯದಲ್ಲಿ ಅವರದು ಬಹಳ ಶಿಸ್ತು.

ಅವರ ತಂದೆ ಆ ಸೀಮೆಗೆಲ್ಲ ಹೆಸರಾದ ನಾಟಿ ವೈದ್ಯರು. ಮುರಿದ ಮೂಳೆ, ಹಾವಿನ ವಿಷ, ದನಕರುಗಳ ರೋಗ. ಅದಕ್ಕೆಲ್ಲ ಬೇಕಾದ ತೊಗಟೆ, ಬೇರುಗಳನ್ನು ಸೊರಬದ ಕಡೆಯ ಕಾಡಿಗೆ ಹೋಗಿ ತರುತ್ತಿದ್ದರಂತೆ. ಯಾವ ಮರದ್ದು ಎಂದು ಮನೆಯ ಹೆಂಗಸರಿಗೆ ತಿಳಿಯಬಾರದೆಂದು ಕಾಡಿನಲ್ಲೇ ಜಜ್ಜಿ ಬಟ್ಟೆಯಲ್ಲಿ ಕಟ್ಟಿ ತರುವುದು. ಹೆಣ್ಣಿನ ಕಿವಿಗೆ ಬಿದ್ದರೆ ಮದ್ದಿನ ಗುಣ ಹೋಗುತ್ತದೆ ಎಂಬ ನಂಬಿಕೆ. ಅದನ್ನು ಅವರು ಹಿರಿಯ ಮಗನಿಗೆ ಆಣೆ ಹಾಕಿಸಿ ಕಲಿಸಿದರು. ಕಿರಿಯ ಮಗನಾದ ಕಾಕಾನಿಗೆ ಚಿಕ್ಕಂದಿನ ಜ್ವರದಲ್ಲಿ ಒಂದು ಕಾಲು ಸೊರಗಿತ್ತು. ಕಾಡು ತಿರುಗುವ ಕಾಲಲ್ಲ ಅದು. ಹಾಗಾಗಿ ಅವರು ತಾಯಿಯ ಪಾಲಿಗೆ ಬಂದರು.

ತಾಯಿಗೆ ಹೆಣ್ಣುಮಕ್ಕಳಿರಲಿಲ್ಲ. ಊರಿನ ಬಾಣಂತಿಯರ ಎರೆಯುವ ನೀರು, ಕಷಾಯ, ಕೂಸುಗಳ ಹೊಟ್ಟೆನೋವು, ಹುಡುಗಿಯರ ಮುಟ್ಟಿನ ತೊಂದರೆ ಎಲ್ಲ ಆಕೆಯ ಕೈಯಲ್ಲಿತ್ತು. ಆಕೆಯನ್ನು ಮಾತ್ರ ಯಾರೂ ವೈದ್ಯೆ ಎನ್ನುತ್ತಿರಲಿಲ್ಲ. “ಅಪ್ಪ ಕುದಿಸಿದ್ರೆ ಔಷಧಿ, ಅವ್ವ ಕುದಿಸಿದ್ರೆ ಮನೆಮದ್ದು. ಎರಡರಾಗೂ ಅದೇ ಶುಂಠಿ, ಅದೇ ಮೆಣಸು” ಎಂದು ಕಾಕಾ ನಗುತ್ತಿದ್ದರು. ತಾಯಿ ಏನನ್ನೂ ಮುಚ್ಚಿಡುತ್ತಿರಲಿಲ್ಲ. ಹಿತ್ತಲ ಗೋಡೆಯ ಮೇಲಿಂದ ಪಕ್ಕದ ಮನೆಯವಳಿಗೆ ಹೇಳುವುದು, ಅವಳು ತನ್ನ ತವರಿನ ಮದ್ದನ್ನು ಇವಳಿಗೆ ಹೇಳುವುದು. ಸೊಸೆಯಂದಿರು ಬಂದ ಹಾಗೆ ಬೇರೆ ಬೇರೆ ಊರಿನ ಮದ್ದುಗಳೂ ಆ ಹಿತ್ತಲಿಗೆ ಬಂದವು. ಹುಡುಗ ಕುಂಟುತ್ತಾ ತಾಯಿಯ ಹಿಂದೆ ಹೋಗಿ ಬಚ್ಚಲ ನೀರು ಹರಿಯುವಲ್ಲಿ ಒಂದೆಲಗ ಕೀಳುತ್ತಿದ್ದ. ಬೇಲಿಯಲ್ಲಿ ಲಕ್ಕಿಸೊಪ್ಪು ತರಿಯುತ್ತಿದ್ದ. ಹಾಲು ಹೆಚ್ಚಲೆಂದು, ಹಲವು ಮಕ್ಕಳ ತಾಯಿ ಎಂದು ಕರೆಯುವ ಶತಾವರಿಯ ಬೇರು ಅಗೆಯುತ್ತಿದ್ದ.

“ಬಾಗಿಲಿಗೆ ಬೆನ್ನು ಹಾಕಿ ಕೂರೋದು ಯಾವಾಗಿಂದ?” ಎಂದು ಒಮ್ಮೆ ಕೇಳಿದ್ದೆ.

“ಅವ್ವ ಹೋದ ಮೇಲೆ. ಹೆಂಗಸರು ಕೇಳೋದು ಬಿಡಲಿಲ್ಲ. ನಾನು ತಿರುಗಿ ಕುಂತೆ, ಅಷ್ಟ.”

ಅವರ ಹೆಂಡತಿಗೆ ಗಿಡಮೂಲಿಕೆಯ ಗೊಡವೆಯೇ ಇರಲಿಲ್ಲ. ಮೆಕ್ಕೆಜೋಳದ ಹೊಲ, ಡೇರಿಗೆ ಹಾಕುವ ಹಾಲು, ಟ್ರ್ಯಾಕ್ಟರ್ ಬಾಡಿಗೆ ಎಲ್ಲ ಆಕೆಯ ಆಡಳಿತ. “ನನಗೆ ನೆಗಡಿ ಆದ್ರೆ ನಾನು ಮಾತ್ರೆ ನುಂಗ್ತೀನಿ ಸಿಸ್ಟರ್. ಇವರ ಎಲೆ ಹುಡುಕೋದ್ರಾಗೆ ನೆಗಡಿ ತಾನೇ ಹೋಗಿರತೈತಿ” ಎಂದು ಗಂಡನ ಎದುರೇ ಹೇಳುತ್ತಿದ್ದರು.

ನಮ್ಮಿಬ್ಬರಿಗೂ ಮೊದಲ ವರ್ಷವೆಲ್ಲ ಜಗಳ. ಬಾಣಂತಿಗೆ ನೀರು ಕೊಡಬಾರದು, ಕೊಟ್ಟರೆ ಮೈ ಊದುತ್ತದೆ ಎನ್ನುವ ಪದ್ಧತಿ ಅಲ್ಲಿ ಬಲವಾಗಿತ್ತು. ಬೇಸಿಗೆಯಲ್ಲಿ ಒಬ್ಬ ಬಾಣಂತಿ ಬಾಯಿ ಒಣಗಿ, ಮೂತ್ರದಲ್ಲಿ ಉರಿ ಬಂದು ನರಳುತ್ತಿದ್ದಳು. ನಾನು ಕಾಕಾನ ಮನೆಗೇ ಹೋಗಿ ಕೂಗಾಡಿದೆ. ನಿಮ್ಮ ಶಾಸ್ತ್ರದಿಂದ ಅವಳಿಗೆ ಹೀಗಾಗಿದೆ, ನೀವು ಹೇಳಿದರೆ ಮಾತ್ರ ಅವಳ ಅತ್ತೆ ಕೇಳುತ್ತಾರೆ ಎಂದೆ. ಅವರಿಗೆ ಸಿಟ್ಟು ಬಂತು. ತಮ್ಮ ತಾಯಿಯ ಮಾತನ್ನು ಯಾರೇ ಪ್ರಶ್ನಿಸಿದರೂ ಅವರು ಸಹಿಸುತ್ತಿರಲಿಲ್ಲ. ಆ ದಿನ ನನಗೆ ಚಹಾ ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಉಪಕೇಂದ್ರದ ಬಾಗಿಲು ತೆರೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕುಳಿತಿದ್ದರು. “ರಾತ್ರಿಯೆಲ್ಲ ಯೋಚನೆ ಮಾಡಿದೆ. ಅವ್ವ ಕಾಸಿ ಆರಿಸಿದ ನೀರು ಕೊಡು ಅಂತಿದ್ಲು. ನೀರೇ ಬ್ಯಾಡ ಅಂತ ಅಂದಿದ್ದಿಲ್ಲ. ಅದು ಅತ್ತೆದೇರು ಸೇರಿಸಿದ್ದು. ನಾನೂ ಹಂಗೇ ಹೇಳ್ಕೊಂಡು ಬಂದೆ” ಎಂದರು. ಆಮೇಲೆ ನನ್ನನ್ನು ಕರೆದುಕೊಂಡು ಆ ಮನೆಗೆ ಹೋಗಿ, ಬಾಗಿಲಿಗೆ ಬೆನ್ನು ಹಾಕಿ ಕುಳಿತು, ಅತ್ತೆಗೆ ಕೇಳುವಂತೆ ಗಟ್ಟಿಯಾಗಿ, “ಚೊಂಬು ತುಂಬ ನೀರು ಇಡ್ರವ್ವ ಆಕಿ ತಲೆದೆಸೆಗೆ” ಎಂದರು. ಹುಟ್ಟಿದ ಕೂಸಿಗೆ ಜೇನು ನೆಕ್ಕಿಸುವುದನ್ನು ಬಿಡಿಸಲು ಇನ್ನೊಂದು ವರ್ಷ ಜಗಳವಾಡಬೇಕಾಯಿತು. ಬಜೆ ತೇಯ್ದು ಹಾಕುವುದರ ಬಗ್ಗೆ ಕೊನೆಯವರೆಗೂ ನಮ್ಮಲ್ಲಿ ಒಪ್ಪಂದವಾಗಲಿಲ್ಲ. ಅವರು ಮೂರು ತಿಂಗಳವರೆಗೆ ಬೇಡ ಎನ್ನುವಷ್ಟಕ್ಕೆ ಬಂದರು, ನಾನು ಆರು ತಿಂಗಳು ಎಂದು ನಿಂತೆ.

ಒಮ್ಮೆ ಯಾವುದೋ ಕಾಲೇಜಿನಿಂದ ನಾಲ್ಕೈದು ಜನ ವಿದ್ಯಾರ್ಥಿಗಳು ಊರಿನ ಔಷಧಿ ಗಿಡಗಳ ಬಗ್ಗೆ ಬರೆದುಕೊಳ್ಳಲು ಬಂದರು. ಗಂಡಸರಿಗೆ ಏನು ಗೊತ್ತು, ಹೆಂಗಸರಿಗೆ ಏನು ಗೊತ್ತು ಎಂದು ಬೇರೆ ಬೇರೆ ತಿಳಿಯುವುದು ಅವರ ಉದ್ದೇಶ. ಗಂಡಸರನ್ನು ಕಟ್ಟೆಯ ಮೇಲೆ, ಹೆಂಗಸರನ್ನು ಶಾಲೆಯ ಕೋಣೆಯಲ್ಲಿ ಕೂರಿಸಿದರು. ಕಟ್ಟೆಯ ನಡುವೆ ಕುರ್ಚಿಯಲ್ಲಿ ಕಾಕಾನ ಅಣ್ಣ. ಕೇಳಿದ್ದಕ್ಕೆಲ್ಲ ಮರದ ಹೆಸರು ಹೇಳಿದರು, ಯಾವುದಕ್ಕೆ ಯಾವುದು ಎಂಬುದನ್ನು ಮಾತ್ರ ಹೇಳಲಿಲ್ಲ. ಕಾಕಾ ಶಾಲೆಯ ಕಡೆ ಹೊರಟರು. ವಿದ್ಯಾರ್ಥಿಯೊಬ್ಬ ತಡೆದು, “ಸಾರ್, ಗಂಡಸರು ಇಲ್ಲಿ” ಎಂದ.

“ಇಲ್ಲಿ ನನಗೇನು ಗೊತ್ತೈತಪ್ಪ? ನಾನು ಮರ ಹತ್ತಿದವನಲ್ಲ. ಮೊಣಕಾಲ ಮಟ ಬೆಳೆಯೋ ಗಿಡ ಗೊತ್ತು ನನಗೆ. ಅಣ್ಣನ ಮದ್ದಿಗೆ ಕತ್ತಿ ಬೇಕು, ನನ್ನದಕ್ಕೆ ಉಗುರು ಸಾಕು. ನನ್ನ ಹೆಸರು ಹೆಂಗಸರ ಸಾಲಿನಾಗೆ ಬರಕೋ.”

ಹುಡುಗ ಪೆನ್ನು ಹಿಡಿದು ತಬ್ಬಿಬ್ಬಾಗಿ ನಿಂತ. ಕಟ್ಟೆಯ ಮೇಲೆ ದೊಡ್ಡ ನಗು ಎದ್ದಿತು. ಕಾಕಾ ಅದಕ್ಕೆ ಕಾಯುತ್ತಿದ್ದವರಂತೆ ತಾವೂ ನಕ್ಕು, ಶಾಲೆಗೆ ಹೋಗಿ ಹೆಂಗಸರ ನಡುವೆ ಕುಳಿತರು. ಅಲ್ಲಿ ಮಧ್ಯಾಹ್ನದವರೆಗೂ ಮಾತು ನಿಲ್ಲಲಿಲ್ಲ. ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ತಿದ್ದುವುದು, ನಮ್ಮ ತವರಲ್ಲಿ ಹಾಗಲ್ಲ ಎನ್ನುವುದು. ಬರೆದುಕೊಳ್ಳುತ್ತಿದ್ದ ಹುಡುಗಿ ಕೈ ನೋವಾಗಿ ಬೆರಳು ನೀವಿಕೊಂಡಳು. ಅಣ್ಣನಿಗೆ ಆ ದಿನದ್ದು ಅವಮಾನವಾಯಿತು ಎಂದು ಆಮೇಲೆ ತಿಳಿಯಿತು. ತಮ್ಮ ಮನೆತನದ ಗಂಡಸೊಬ್ಬ ಹೆಂಗಸರ ಸಾಲಿನಲ್ಲಿ ಕುಳಿತದ್ದಕ್ಕೆ ಅವರು ಬಹಳ ದಿನ ತಮ್ಮನನ್ನು ಮಾತಾಡಿಸಲಿಲ್ಲ. ಎರಡೂ ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ, ಹಿತ್ತಲು ಒಂದೇ.

ಆ ವರ್ಷವೇ ಅಣ್ಣನ ಮಗಳು ಹೆರಿಗೆಗೆ ತವರಿಗೆ ಬಂದಳು. ಹೆರಿಗೆ ಆಸ್ಪತ್ರೆಯಲ್ಲಿ ಸಲೀಸಾಗಿ ಆಗಿ, ತಾಯಿ ಮಗು ಮನೆಗೆ ಬಂದು ವಾರ ಕಳೆದಿತ್ತು. ನಾನು ಹೋಗಿ ನೋಡಿದಾಗ ಎಲ್ಲ ಸರಿಯಾಗಿತ್ತು. ಮರುದಿನದಿಂದ ಮತ್ತೆ ರಕ್ತ ಹೋಗಲು ಶುರುವಾಗಿದೆ. ಅವಳು ತಾಯಿಗೆ ಹೇಳಿದ್ದಾಳೆ. ತಾಯಿ ಗಂಡನ ಹತ್ತಿರ “ಮೈಯಾಗೆ ಉಷ್ಣ ಆಗೈತಂತೆ” ಎಂದಿದ್ದಾರೆ. ಅದಕ್ಕಿಂತ ಬಿಡಿಸಿ ಹೇಳಲು ಆಕೆಗೆ ಬಾಯಿ ಬಂದಿಲ್ಲ. ಅಣ್ಣ ಉಷ್ಣಕ್ಕೆಂದು ತೊಗಟೆಯ ಕಷಾಯ ಕುದಿಸಿ ಕೊಟ್ಟಿದ್ದಾರೆ. ಕೇಳಿದ ಕಾಯಿಲೆಗೆ ಅವರು ಕೊಟ್ಟದ್ದು ತಪ್ಪಲ್ಲ.

ಎರಡನೆಯ ದಿನ ಮಧ್ಯಾಹ್ನ ಕಾಕಾ ಹಿತ್ತಲಿಗೆ ಹೋದಾಗ ಅತ್ತಿಗೆ ಒಗೆಯುವ ಕಲ್ಲಿನ ಹತ್ತಿರ ಬಟ್ಟೆ ಹಿಂಡುತ್ತಿದ್ದರು. ಬೆಳಿಗ್ಗೆಯೂ ಹಿಂಡುತ್ತಿದ್ದುದನ್ನು ಅವರು ನೋಡಿದ್ದರು. ಈಗ ನೀರು ಹರಿದು ಬಂದ ಬಣ್ಣ ನೋಡಿ ಅಲ್ಲೇ ನಿಂತರು. ಏನೂ ಕೇಳದೆ ಅಣ್ಣನ ಹಿತ್ತಲ ಬಾಗಿಲಿಗೆ ಹೋಗಿ, ಬಾಣಂತಿ ಕೋಣೆಗೆ ಬೆನ್ನು ಹಾಕಿ ಕುಳಿತರು.

“ಮಗಳ, ಬಟ್ಟೆ ಎಷ್ಟೊತ್ತಿಗೊಮ್ಮೆ ಬದಲಿ ಮಾಡ್ತಿ?”

“ಈಗೀಗ ಲೆಕ್ಕ ಇಲ್ಲ ಕಾಕಾ.”

“ಗಂಟು ಗಂಟು ಬೀಳತೈತೇನು?”

“ಹೂಂ.”

“ಎದ್ದು ಕುಂತ್ರೆ ಕಣ್ಣಿಗೆ ಕತ್ತಲೆ ಬರತೈತೇನು?”

ಇದಕ್ಕೆ ಉತ್ತರ ಬರಲಿಲ್ಲ. ಕಾಕಾ ಇನ್ನೊಮ್ಮೆ ಕೇಳಿದರು. ಆಮೇಲೆ ಎದ್ದು, ತಿರುಗಿ, ಹೊಸ್ತಿಲು ದಾಟಿ ಒಳಗೆ ಹೋದರು. ಅಷ್ಟು ವರ್ಷಗಳಲ್ಲಿ ಅವರು ಬಾಣಂತಿ ಕೋಣೆಯೊಳಗೆ ಕಾಲಿಟ್ಟದ್ದು ಅದೇ ಮೊದಲು.

ನನಗೆ ಫೋನ್ ಬಂತು. “ಸಿಸ್ಟರ್, ಚೀಲ ತಗೊಂಡು ಅಣ್ಣನ ಮನೆಗೆ ಬರ್ರಿ. ಗಾಡಿಗೂ ಹೇಳ್ರಿ. ಇದು ಎಲೆ ಬೇರಿನ ಕೆಲಸ ಅಲ್ಲ.”

ನಾನು ಹೋದಾಗ ಹುಡುಗಿಯ ಮುಖ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ನಾಡಿ ಓಡುತ್ತಿತ್ತು. ಕೈಲಾದದ್ದು ಮಾಡಿ, ಆಂಬುಲೆನ್ಸ್ ಬರುವುದು ತಡವೆಂದು ಪಕ್ಕದ ಮನೆಯವರ ವ್ಯಾನು ಬಾಗಿಲಿಗೆ ತರಿಸಿದೆ. ಹುಡುಗಿಯನ್ನು ಎತ್ತಿಕೊಂಡು ಹೊರಡುವಾಗ ಅಣ್ಣ ಪಡಸಾಲೆಯಲ್ಲಿ ಕಷಾಯದ ಪಾತ್ರೆ ಹಿಡಿದು ಅಡ್ಡ ನಿಂತರು. “ಇನ್ನೊಂದು ಹೊತ್ತು ಕೊಟ್ಟು ನೋಡೋಣ. ನನ್ನ ಮದ್ದು ಸುಳ್ಳಾಗಿದ್ದಿಲ್ಲ ಇಲ್ಲೀ ತನಕ.”

“ಮದ್ದು ಸುಳ್ಳಲ್ಲ ಅಣ್ಣ. ನೀನು ಆಕಿನ್ನ ಕೇಳಿದ್ಯೇನು?”

“ಏನು ಕೇಳೋದು?”

“ಏನಾಗೈತಿ, ಎಷ್ಟು ಹೋಗ್ತಾ ಐತಿ ಅಂತ.”

ಅಣ್ಣನ ಧ್ವನಿ ಕೆಳಗಿಳಿಯಿತು. “ಅಪ್ಪ ಆದವನು ಮಗಳಿಗೆ ಅದನ್ನ ಹೆಂಗೆ ಕೇಳ್ತಾನ?”

“ಹಂಗಾದ್ರೆ ಈ ಕಷಾಯ ಯಾರಿಗೆ ಕೊಟ್ಟಿ?”

ಅಣ್ಣ ಪಕ್ಕಕ್ಕೆ ಸರಿದರು. ಪಾತ್ರೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡು ವ್ಯಾನಿನ ತನಕ ಬಂದರು. ಕೊನೆಗೆ ಅದನ್ನು ಹೆಂಡತಿಯ ಕೈಗೆ ಕೊಟ್ಟು, ತಾವೂ ಹತ್ತಿದರು.

ಶಿಕಾರಿಪುರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನೋಡಿದ ಕೂಡಲೇ ಒಳಗೆ ಕರೆದೊಯ್ದರು. ಹೆರಿಗೆಯಲ್ಲಿ ಪೂರ್ತಿ ಹೊರಬರಬೇಕಿದ್ದ ಮಾಸಿನ ಚೂರೊಂದು ಒಳಗೆ ಉಳಿದಿತ್ತು. ಅದನ್ನು ತೆಗೆದು, ರಕ್ತ ಕೊಟ್ಟರು. ಸಂಜೆ ಅವಳು ಕಣ್ಣು ಬಿಟ್ಟು ಮಗುವನ್ನು ಕೇಳಿದಳು ಎಂದು ನಾನು ಹೊರಗೆ ಬಂದು ಹೇಳಿದಾಗ ಕಾಕಾ ವರಾಂಡದ ಬೆಂಚಿನಲ್ಲಿ ಕುಳಿತಿದ್ದರು. ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡಿದ್ದರು. “ಒಂದು ಚಹಾ ಸಿಗತೈತೇನು ನೋಡ್ರಿ ಸಿಸ್ಟರ್. ಸಕ್ಕರೆ ಹೆಂಗಿದ್ರೂ ನಡೀತೈತಿ” ಎಂದರು.

ಕೆಲವು ವಾರಗಳ ನಂತರ ಮಗುವಿಗೆ ಚುಚ್ಚುಮದ್ದು ಹಾಕಲು ಆ ಮನೆಗೆ ಹೋದಾಗ ಅಣ್ಣ ತಮ್ಮಂದಿರಿಬ್ಬರೂ ಪಡಸಾಲೆಯಲ್ಲಿದ್ದರು. ಅಣ್ಣ ತಮ್ಮ ಕುರ್ಚಿಯಲ್ಲಿ ತಮ್ಮನನ್ನು ಕೂರಿಸಿ, ತಾವು ಚಾಪೆಯ ಮೇಲೆ ಕುಳಿತಿದ್ದರು.

“ಅಪ್ಪನ ಆಣೆ ಐತಿ ನನ್ನ ಮೇಲೆ. ಆದರೂ ಹೇಳ್ತೀನಿ. ಮೂಳೆ ಮದ್ದು, ದನದ ಮದ್ದು, ಎಲ್ಲ ನಿನಗೆ ಹೇಳ್ತೀನಿ” ಎಂದರು.

ಆ ಮಾತಿಗಾಗಿ ಕಾಕಾ ಹುಡುಗನಾಗಿದ್ದಾಗಿನಿಂದ ಕಾದಿದ್ದರೇನೋ. “ಈ ಕಾಲು ಕಟ್ಟಿಕೊಂಡು ಈಗ ಯಾವ ಕಾಡಿಗೆ ಹೋಗ್ಲಿ ನಾನು? ನನಗೆ ಬ್ಯಾಡ. ಹೇಳೋದಾದ್ರೆ ಮಗಳಿಗೆ ಹೇಳು.”

“ಗುಣ ಹೋದ್ರೆ?”

“ಅವ್ವಂದು ನಾನು ಊರಿಗೆಲ್ಲ ಹೇಳೀನಿ. ಎಲ್ಲಿ ಹೋಗೈತಿ?”

ಒಳಗಿನಿಂದ ಮಗಳು ಮಗುವನ್ನು ತಟ್ಟುತ್ತಲೇ ಮಾತು ಹಾಕಿದಳು. “ಅಪ್ಪಾ, ಮೂಳೆಗೆ ಹಾಕೋ ಬಳ್ಳಿ ಯಾವುದು ಅಂತ ನನಗೆ ಗೊತ್ತೈತಿ. ಮದುವಿಗೆ ಮೊದಲು ಅರೆದು ಕೊಡ್ತಿದ್ದೋಳು ನಾನಲ್ಲೇನು? ನೀವು ಬಟ್ಟೆಯಾಗೆ ಕಟ್ಟಿದ್ರೆ ವಾಸನೆ ನಿಲ್ಲತೈತೇನು?”

ಅಣ್ಣನ ಮುಖ ನೋಡುವಂತಿತ್ತು. ಮೊದಲು ನಕ್ಕದ್ದು ಅತ್ತಿಗೆ, ಅಡುಗೆಮನೆಯಿಂದ. ಆಮೇಲೆ ಅಣ್ಣನೂ ನಗಬೇಕಾಯಿತು. ಮಗುವಿಗೆ ವರ್ಷ ತುಂಬಿದ ಮೇಲೆ ಅವರು ಮಗಳನ್ನು ಅಳಿಯನ ಬೈಕಿನಲ್ಲಿ ಕರೆದುಕೊಂಡು ಸೊರಬದ ಕಡೆಯ ಕಾಡು ತೋರಿಸಿ ಬಂದರು. ಈಗ ಅವಳು ಗಂಡನ ಊರಿನಲ್ಲಿ ದನಕರುಗಳಿಗೆ ಕಾಲು ಮುರಿದರೆ ಪಟ್ಟಿ ಕಟ್ಟುತ್ತಾಳೆ. ಮನುಷ್ಯರು ಬಂದರೆ ಮೊದಲು ಎಕ್ಸ್‌ರೇ ತೆಗೆಸಿಕೊಂಡು ಬನ್ನಿ ಎಂದು ಕಳಿಸುತ್ತಾಳೆ. ಮದ್ದಿನ ಗುಣವೇನೂ ಹೋಗಿಲ್ಲ ಎಂದು ಅವಳ ಅಪ್ಪನೇ ನನಗೆ ಹೇಳಿದ್ದುಂಟು.

ಹೆಂಡತಿ ತೀರಿಕೊಂಡ ಮೇಲೆ ಕಾಕಾ ಉಳವಿಗೆ ಮಗಳ ಮನೆಗೆ ಹೋದರು. ನಾನು ನಿವೃತ್ತಿಯಾಗಿ ಸೊರಬದಲ್ಲಿ ನೆಲೆಸಿದ್ದೆ. ಬಸ್ಸು ಹತ್ತಿ ಆಗಾಗ ಹೋಗಿ ಬರುತ್ತಿದ್ದೆ. ಹೊಸ ಊರಿನಲ್ಲಿ ಅವರು ಬೇಸರದಿಂದ ಇದ್ದಾರು ಎಂದುಕೊಂಡಿದ್ದೆ. ನೋಡಿದರೆ ಅವರು ಶಾಲೆಗೆ ಸೇರಿದವರ ಹಾಗೆ ಉತ್ಸಾಹದಲ್ಲಿದ್ದರು. ಹಿತ್ತಲ ಮೆಟ್ಟಿಲ ಮೇಲೆ ಕುಳಿತು, ಹೋಗಿ ಬರುವ ಹೆಂಗಸರನ್ನೆಲ್ಲ ನಿಲ್ಲಿಸಿ ಕೇಳುವುದು. “ಲಕ್ಕಿಗೆ ಇವರು ನೆಕ್ಕಿ ಅಂತಾರೆ ಸಿಸ್ಟರ್. ದೊಡ್ಡಪತ್ರೆಗೆ ಸಾಂಬಾರ್ ಸೊಪ್ಪು. ಇಲ್ಲಿ ಬಾಣಂತಿಗೆ ಹಾಕೋ ಒಂದು ಕಷಾಯಕ್ಕೆ ನಾನು ಹೆಸರೇ ಕೇಳದೇ ಇರೋ ಎಲೆ ಹಾಕ್ತಾರೆ. ಮೊದಲೇ ಗೊತ್ತಿದ್ರೆ ಇಲ್ಲಿಗೇ ಮಗಳನ್ನ ಇನ್ನೂ ಬೇಗ ಕೊಡ್ತಿದ್ದೆ” ಎಂದರು. ಅಲ್ಲಿಯ ಹೆಂಗಸರು ಮೊದಲು ಈ ಮುದುಕ ಯಾಕೆ ಹೀಗೆ ಕೇಳುತ್ತಾನೆ ಎಂದು ಮುಖ ತಿರುಗಿಸಿದವರು, ಆಮೇಲೆ ತಾವೇ ಸೆರಗಿನಲ್ಲಿ ಎಲೆ ಕಟ್ಟಿಕೊಂಡು ತಂದು ತೋರಿಸತೊಡಗಿದ್ದರು.

ನಾನು ಕೊನೆಯ ಬಾರಿ ಹೋದಾಗ ಗೂಡ್ಸ್ ಆಟೋ ಓಡಿಸುವ, ಪಕ್ಕದ ಬೀದಿಯ ಒಬ್ಬ ಯುವಕ ಬಂದ. ಎರಡು ತಿಂಗಳ ಹಿಂದೆ ಅವನಿಗೆ ಮಗುವಾಗಿತ್ತು. ಹೆಂಡತಿಗೆ ತಾಯಿಯಿಲ್ಲ, ಅವನಿಗೂ ಇಲ್ಲ. ಬಾಣಂತನಕ್ಕೆ ಬಂದಿದ್ದ ದೂರದ ಅತ್ತೆಯೊಬ್ಬರು ಊರಿಗೆ ಮರಳಿದ್ದರು.

“ಅಜ್ಜಾ, ನನ್ನ ಹೆಂಡ್ತಿಗೆ ಬಹಳ ಸುಸ್ತು. ಎಂಥಾದ್ರೂ ಕಷಾಯ ಹೇಳಿ” ಎಂದ.

“ಸುಸ್ತು ಅಂತ ನೀನು ಹೇಳ್ತಿ. ಆಕಿ ಏನು ಹೇಳಿದ್ಲು?”

ಅವನು ತಲೆ ಕೆರೆದುಕೊಂಡ. “ಅವ್ಳೇನೂ ಹೇಳಿಲ್ಲ. ನೋಡಿದ್ರೆ ಗೊತ್ತಾಗ್ತದೆ.”

“ಹೋಗಿ ಕೇಳಿಕೊಂಡು ಬಾ. ಏನು ಬೇಕು ಅಂತ ಕೇಳು. ಕೇಳಿ ಸುಮ್ಮನೆ ಕೂತ್ಕೋ, ಆಕಿ ಹೇಳೋ ತನಕ.”

ಯುವಕ ಹೋದ. ಬಹಳ ಹೊತ್ತು ಬರಲಿಲ್ಲ. ನಾವು ಚಹಾ ಕುಡಿದು ಮುಗಿಸಿದ ಮೇಲೆ, ಮುಖ ಸಪ್ಪೆ ಮಾಡಿಕೊಂಡು ಬಂದ. “ಅವ್ಳಿಗೆ ಕಷಾಯ ಏನೂ ಬೇಡವಂತೆ ಅಜ್ಜಾ. ಒಂದು ಮಧ್ಯಾಹ್ನ ಪೂರ್ತಿ ಮಲಗಬೇಕಂತೆ. ಯಾರೂ ಎಬ್ಬಿಸಬಾರದಂತೆ. ಹೇಳ್ತಾ ಹೇಳ್ತಾ ಅತ್ತುಬಿಟ್ಲು.”

“ಜ್ವರ, ಎದೆಯಲ್ಲಿ ನೋವು, ಹೊಟ್ಟೆನೋವು ಏನಾದರೂ ಇದೆಯಾ ಎಂದು ಕೇಳಿದೆಯಾ?” ಎಂದೆ ನಾನು. ಕೇಳಿದೆ, ಯಾವುದೂ ಇಲ್ಲ ಎಂದ. ನಾಳೆ ಅವಳನ್ನು ನೋಡಿ ಬರಲು ಇಲ್ಲಿಯ ನರ್ಸಿಗೆ ಹೇಳುತ್ತೇನೆ ಎಂದೆ.

ಕಾಕಾ ಸ್ವಲ್ಪ ಮುಂದಕ್ಕೆ ಬಾಗಿದರು. “ಇದಕ್ಕೆ ಮದ್ದು ನನ್ನ ಹತ್ರ ಇಲ್ಲಪ್ಪ, ನಿನ್ನ ಹತ್ರ ಐತಿ. ಆಕಿ ಕೂಸಿಗೆ ಹಾಲು ಕುಡಿಸಿದ ಮೇಲೆ ಇಲ್ಲಿಗೆ ಎತ್ತಿಕೊಂಡು ಬಾ. ಬಾಗಿಲು ಮುಂದಕ್ಕೆ ಎಳಕೊಂಡು ಬಾ.”

ಅವನು ಮಗುವನ್ನು ಎರಡೂ ಕೈಯಲ್ಲಿ, ತುಂಬಿದ ಪಾತ್ರೆ ಹಿಡಿದಂತೆ ಹಿಡಿದು ತಂದ. ಕಾಕಾ ಅವನನ್ನು ಪಕ್ಕದಲ್ಲಿ ಕೂರಿಸಿ, ತಲೆಯ ಕೆಳಗೆ ತೋಳು ಹೇಗೆ ಕೊಡಬೇಕು, ಅತ್ತರೆ ಬೆನ್ನು ಹೇಗೆ ತಟ್ಟಬೇಕು ಎಂದು ತೋರಿಸಿದರು. ರಸ್ತೆಯಲ್ಲಿ ಹೋಗುತ್ತಿದ್ದ ಅವನ ಗೆಳೆಯರಿಬ್ಬರು ನೋಡಿ ಏನೋ ಹೇಳಿ ನಕ್ಕರು. ಅವನು ಕಿವಿ ಕೆಂಪಗೆ ಮಾಡಿಕೊಂಡನಾದರೂ ಏಳಲಿಲ್ಲ. ಮಗು ಅವನ ತೊಡೆಯ ಮೇಲೆ ನಿದ್ದೆ ಹೋಯಿತು. ಬಿಸಿಲು ಅಂಗಳ ದಾಟಿ ಬೇಲಿಗೆ ಹೋಯಿತು. ನನ್ನ ಬಸ್ಸಿನ ಹೊತ್ತಾಯಿತೆಂದು ನಾನು ಎದ್ದಾಗ ಮಗು ಒಮ್ಮೆ ಮುಲುಗಿತು. ಅವನು ಗಾಬರಿಯಾಗಿ, “ಮನೆಗೆ ತಗೊಂಡು ಹೋಗ್ತೀನಿ ಅಜ್ಜಾ” ಎಂದು ಏಳಹೋದ.

ಕಾಕಾ ಅವನ ಭುಜದ ಮೇಲೆ ಕೈಯಿಟ್ಟು ಕೂರಿಸಿದರು.

“ಕೂತ್ಕೋ. ಆಕಿ ಇನ್ನೂ ಎದ್ದಿಲ್ಲ.”